ದೀಪ ಹಚ್ಚಿದ ಮೇಲೆ ಒಡೆದ ಟ್ಯೂಬ್‌ಲೈಟುಗಳು

ನಾನು ಚಿಕ್ಕವನಿದ್ದಾಗ ಧಾರಾವಿಯ ಒಂದೇ ಕೋಣೆಯಲ್ಲಿ ಅಪ್ಪ, ಅಕ್ಕ, ನಾನು ಇದ್ದೆವು. ಉಳಿದ ಜಾಗವೆಲ್ಲ ಕೆಟ್ಟುಹೋದ ಟ್ಯೂಬ್‌ಲೈಟುಗಳದು. ಅಪ್ಪ ಅವನ್ನು ಅಲ್ಲಿಲ್ಲಿ ಆಯ್ದು ಕಟ್ಟುಕಟ್ಟಾಗಿ ತರುತ್ತಿದ್ದ. ಗುಜರಿಗೆ ಮಾರಲು ಅಕ್ಕ ಕೂತು ತುದಿಯ ಅಲ್ಯೂಮಿನಿಯಂ ಮುಚ್ಚಳಗಳನ್ನು ಮುರಿದು ಬೇರೆ ಮಾಡುತ್ತಿದ್ದಳು. ಒಳಗಿನ ಬಿಳಿ ಪುಡಿ ಹಾರಿ ಅವಳ ರೆಪ್ಪೆಯ ಮೇಲೆ, ರೊಟ್ಟಿ ಬುಟ್ಟಿಯ ಮೇಲೆ ಕೂರುತ್ತಿತ್ತು. ಹಿಂದಿನ ಗಲ್ಲಿಯಲ್ಲಿ ಚರ್ಮ ಹದ ಮಾಡುತ್ತಿದ್ದರು. ಆ ನಾತಕ್ಕೆ ಹೆದರಿ ಕಿಟಕಿ ಮುಚ್ಚಿಯೇ ಇಡುತ್ತಿದ್ದೆವು.

ಅಕ್ಕ ಕೌದಿ ಹೊಲಿಯುವುದರಲ್ಲಿ ಗಟ್ಟಿಗಿತ್ತಿ. ಆದರೆ ಆ ವರ್ಷ ಅವಳ ಬೆರಳು ನಡುಗತೊಡಗಿ, ಸೂಜಿಗೆ ದಾರ ನಾನೇ ಪೋಣಿಸಿ ಕೊಡಬೇಕಾಯಿತು. ನಿಶ್ಶಕ್ತಿ ಎಂದ ಅಪ್ಪ.

ಒಂದು ಮುಸ್ಸಂಜೆ ಅಪ್ಪ ದೇವರಿಗೆ ದೀಪ ಹಚ್ಚಿದ್ದ. ಅಕ್ಕ ಎತ್ತಿದ ಕಟ್ಟು ಕೈಜಾರಿ, ಇಡೀ ಕಟ್ಟೇ ಪಟಪಟನೆ ಒಡೆಯಿತು. ಗಂಟಲಲ್ಲಿ ಕೆಟ್ಟ ಲೋಹದ ರುಚಿ. ಅಕ್ಕ ಗುಡಿಸಿ ಗೋಣಿಚೀಲಕ್ಕೆ ತುಂಬಿದಳು. ಹೊರಗೆ ಹಾಕಲು ನಾನು ಚೀಲ ಎತ್ತಿದರೆ ಅಪ್ಪ ಬಾಗಿಲಿಗೆ ಅಡ್ಡ ನಿಂತ.

“ದೀಪಾ ಹಚ್ಚಿದ ಮ್ಯಾಲೆ ಕಸಾ ಹೊರಗ ಚೆಲ್ಲತಾರೇನಲೇ? ಲಕ್ಷ್ಮಿ ಎದ್ದು ಹೋಗ್ತಾಳ.”

“ನಮ್ಮ ಮನಿಗೆ ಆಕಿ ಬಂದಿದ್ದರ ಯಾವಾಗ ಅಪ್ಪಾ, ಎದ್ದು ಹೋಗಾಕ?”

“ಬಂದ ನೋಡು ವಕೀಲಾ! ಬಾಯಿ ಮುಚ್ಚು.”

“ಅಕ್ಕನ ಕಾಲಿಗೆ ಗಾಜ ಚುಚ್ಚಿದ್ರ?”

“ಬಿಡೋ ತಮ್ಮಾ,” ಎಂದಳು ಅಕ್ಕ. “ಮುಂಜಾನೆ ಚೆಲ್ಲಿದ್ರಾತು.”

ಚೀಲ ಅವಳ ಹಾಸಿಗೆಯ ತಲೆದೆಸೆಯಲ್ಲೇ ಉಳಿಯಿತು. ಮುಂಜಾನೆ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಅಪ್ಪ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ. ಡಾಕ್ಟರು ಕೆಲಸ ಏನೆಂದು ಕೇಳಿದಾಗಲೇ ನಮಗೆ ಗೊತ್ತಾದದ್ದು: ಟ್ಯೂಬಿನೊಳಗೆ ಪಾದರಸ ಇರುತ್ತದೆ, ಅದರ ಆವಿ ಕಣ್ಣಿಗೆ ಕಾಣುವುದಿಲ್ಲ. ಅಕ್ಕ ಬದುಕಿದಳು. ಆದರೆ ಸೂಜಿ ಹಿಡಿಯಲು ಮತ್ತೆಂದೂ ಆಗಲಿಲ್ಲ.

ಎಲ್ಲವೂ ಆ ಒಂದು ರಾತ್ರಿಯಿಂದಲೇ ಆಯಿತು ಎಂದರೆ ಸುಳ್ಳಾದೀತು. ತಿಂಗಳುಗಟ್ಟಲೆ ಅವಳ ಉಸಿರಿನೊಳಗೆ ಹೋದ ಪುಡಿಯ ಪಾಲೂ ಇದೆ. ಹಿರಿಯರ ಮಾತು ಪೂರಾ ಮೂಢನಂಬಿಕೆ ಎಂದೂ ನಾನು ಹೇಳಲಾರೆ. ಎಣ್ಣೆ ದೀಪದ ಮಂಕು ಬೆಳಕಲ್ಲಿ ಬಿದ್ದ ಮೂಗುತಿ ಕಸದ ಜೊತೆ ಹೋಗದಿರಲಿ ಎಂದು ಯಾರೋ ಕಟ್ಟಿದ ನಿಯಮವಿದ್ದೀತು. ಒಳಗಿರುವುದು ಮೂಗುತಿಯೋ ವಿಷವೋ ಎಂದು ನಿಯಮ ಕೇಳುವುದಿಲ್ಲ. ಕೇಳಬೇಕಾದವರು ನಾವು.

ಮೊಮ್ಮಕ್ಕಳೇ, ಬಾಂದ್ರಾದ ನಿಮ್ಮ ಮನೆಯಲ್ಲೀಗ ಎಲ್‌ಇಡಿ ಬಂದಿದೆ. ಎಲ್ಲಾದರೂ ಹಳೇ ಟ್ಯೂಬ್ ಒಡೆದರೆ ಕಿಟಕಿ ತೆರೆದು ಹೊರಗೆ ಬನ್ನಿ, ಪೊರಕೆ ಮುಟ್ಟಬೇಡಿ. ಗಾಳಿಯಾಡಿದ ಮೇಲೆ ದೊಡ್ಡವರು ಚೂರುಗಳನ್ನು ರಟ್ಟಿನಿಂದ ಬಾಚಿ, ಒದ್ದೆ ಕಾಗದದಲ್ಲಿ ಒರೆಸಿ, ಎಲ್ಲವನ್ನೂ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಲಿ. ಇದೆಲ್ಲ ನಿಮ್ಮ ಶಾಲೆಯಲ್ಲೂ ಹೇಳಿಕೊಟ್ಟಾರು. ಆದರೆ ಮೊನ್ನೆ ಬಿಲ್ಡಿಂಗಿನ ಮೆಟ್ಟಿಲಿನಿಂದ ಬಿಚ್ಚಿದ ಟ್ಯೂಬುಗಳೆಲ್ಲಿ ಎಂದರೆ ನೀವು ನಕ್ಕಿರಿ: “ಅಜ್ಜಾ, ಭಂಗಾರ್‌ವಾಲಾ ತಗೊಂಡ್ ಹೋದ. ಖತಮ್!”

ಆ ಗುಜರಿಯವನು ಅವನ್ನು ಯಾರ ಕೋಣೆಗೆ ಒಯ್ದ, ಅಲ್ಲಿ ಮುಚ್ಚಳ ಮುರಿಯುತ್ತಿರುವವರು ಯಾರು, ಅವರ ಕಿಟಕಿ ತೆರೆದಿದೆಯೇ? ಕೇಳಿಕೊಂಡು ಬನ್ನಿ. ಆಮೇಲೆ ಖತಮ್ ಅನ್ನಿ.