ಮಗುವಿಲ್ಲದ ಬಾಣಂತನ

ಮೂರನೇ ತಿಂಗಳಲ್ಲಿ ರಕ್ತಸ್ರಾವ ಶುರುವಾಯಿತು. ಹೊಟ್ಟೆ ಮಾತ್ರ ಐದು ತಿಂಗಳಿನಷ್ಟಿತ್ತು. ಅವಳಿಜವಳಿಯೇ ಇರಬೇಕೆಂದು ಬೊಮ್ಮನಹಳ್ಳಿಯ ನಮ್ಮ ವಠಾರದ ಹೆಂಗಸರು ಹೆಸರನ್ನೂ ಆರಿಸಿಟ್ಟಿದ್ದರು.

ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. "ಗರ್ಭದಲ್ಲಿ ಬರೀ ಗುಳ್ಳೆ ಗುಳ್ಳೆ ಬೆಳೆದಿದೆಯಮ್ಮ."

ಮಗು ಇರಲೇ ಇಲ್ಲ.

ಅದನ್ನು ತೆಗೆದರು. ಆನೇಕಲ್‌ನಿಂದ ಅವ್ವ ಬಂದಳು. ಹೆತ್ತವಳಿಗೆ ಮಾಡುವಂತೆಯೇ ಕಿವಿಗೆ ಹತ್ತಿ ಇಟ್ಟಳು, ಹೊಟ್ಟೆಗೆ ಬಟ್ಟೆ ಬಿಗಿದಳು, ಸಬ್ಬಸಿಗೆ ಸೊಪ್ಪಿನ ಸಾರು ಮಾಡಿದಳು. ಬೇಡವೆಂದರೆ, "ಬಸುರಿ ಆಗಿದ್ದೋಳು ಬಾಣಂತಿನೇ ಕಣವ್ವ. ಸುಮ್ನೆ ಉಣ್ಣು" ಎನ್ನುತ್ತಿದ್ದಳು. ಅವ್ವನ ಮುಂದೆ ವಾದ ನಡೆಯುವುದಿಲ್ಲ. ಉಂಡೆ.

ಆದರೆ ಮೂತ್ರದ ಟೆಸ್ಟ್ ನಾನಿನ್ನೂ ಬಸುರಿ ಎಂದೇ ಹೇಳುತ್ತಿತ್ತು. ಒಳಗೆ ಉಳಿದದ್ದು ಕ್ಯಾನ್ಸರ್ ಆಗಿ ಬೆಳೆಯುತ್ತಿದೆ ಎಂದರು. ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಶುರುವಾಯಿತು. ಬಾಯಿ ತುಂಬ ಹುಣ್ಣು. ಸಾರೂ ಉರಿ, ನೀರೂ ಉರಿ. ಸಾಯುವ ಭಯಕ್ಕಿಂತ, ಇಲ್ಲದ ಮಗುವಿಗಾಗಿ ಸಾಯಬೇಕಲ್ಲ ಎಂಬ ಸಿಟ್ಟೇ ನನಗೆ ಹೆಚ್ಚಾಗಿತ್ತು.

ಟೆಸ್ಟ್ ಬದಲಾಗಲಿಲ್ಲ. ಡಾಕ್ಟರಮ್ಮ ಕೇಳಿದರು, "ಮನೇಲಿ ಬೇರೆ ಮಾತ್ರೆ ಏನಾದ್ರೂ ತಗೋತಿದೀರಾ?"

ಅವ್ವ ಸೆರಗಿನ ಗಂಟು ಬಿಚ್ಚಿದಳು. ಬಸುರಿಯಾಗಿದ್ದಾಗ ನರ್ಸಮ್ಮ ಕೊಟ್ಟಿದ್ದ ಕೆಂಪು ಮಾತ್ರೆಗಳು. ದಿನಾ ಊಟವಾದ ಮೇಲೆ ನನ್ನ ಕೈಗೆ ಹಾಕುತ್ತಿದ್ದದ್ದು ಅವನ್ನೇ. "ಅಷ್ಟೊಂದು ರಕ್ತ ಓಗೈತಲ್ಲ. ಒಸ ರಕ್ತ ಆಗ್ಲಿ ಅಂತ..."

ಡಾಕ್ಟರಮ್ಮ ಬೈಯಲಿಲ್ಲ. "ಇದರಲ್ಲಿ ಫೋಲಿಕ್ ಆಸಿಡ್ ಇದೆಯಮ್ಮ. ಬೇಗ ಬೆಳೆಯೋ ಕಣಗಳಿಗೆ ಅದು ಬೇಕೇ ಬೇಕು. ನಮ್ಮ ಔಷಧಿ ನೋಡೋಕೆ ಅದರ ಥರಾನೇ. ಅದರ ಜಾಗದಲ್ಲಿ ಕೂತು ಬೆಳವಣಿಗೆ ನಿಲ್ಲಿಸುತ್ತೆ. ಈ ಮಾತ್ರೆ ನುಂಗಿದ್ರೆ ಔಷಧಿ ಕೆಲಸ ಕೆಡುತ್ತೆ, ಸದ್ಯಕ್ಕೆ ಬೇಡ."

ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಟರ್ನರ್ ಆಗಿರುವ ನನ್ನ ಗಂಡ, ವಾಪಸು ಬರುವಾಗ ಬಸ್ಸಿನಲ್ಲಿ ಬಿಡಿಸಿ ಹೇಳಿದರು. "ಅತ್ತೆ, ನಟ್ಟಿಗೆ ಬೇರೆ ಥ್ರೆಡ್ಡಿನ ಬೋಲ್ಟ್ ಹಾಕಿದ್ರೆ ಅರ್ಧಕ್ಕೆ ಹೋಗಿ ಸಿಕ್ಕಾಕೊಳ್ತದೆ. ಆಮೇಲೆ ಸರಿಯಾದ್ದೂ ಹೋಗಲ್ಲ. ಅಂಗೇ ಈ ಇಂಜೆಕ್ಷನ್ನು." ಬಾಯಿಯ ಒಳಚರ್ಮವೂ ಬೇಗ ಬೆಳೆಯುವಂಥದ್ದೇ ಆದ್ದರಿಂದ ಹುಣ್ಣಾಗುತ್ತದಂತೆ.

ಅವ್ವ ಕಿಟಕಿಯಾಚೆ ನೋಡುತ್ತಿದ್ದಳು. "ಬೆಳೀಬಾರ್ದು ಅಂತ ಔಸ್ದಿ ಕೊಡೋದಾ..." ಎಂದು ಅತ್ತಳು. ನಾನೂ ಅತ್ತೆ.

ಕೆಂಪು ಮಾತ್ರೆ ನಿಂತಿತು, ಇಂಜೆಕ್ಷನ್ ಮುಂದುವರಿಯಿತು. ಹೋದ ತಿಂಗಳು ಟೆಸ್ಟ್ ನೆಗೆಟಿವ್ ಬಂತು. ಮದುವೆಯಾದ ಹೊಸತರಲ್ಲಿ ಅದೇ ಮಾತು ಕೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತಿದ್ದವಳು, ಈ ಸಲ ಕೈ ಮುಗಿದೆ. ಒಂದು ವರ್ಷ ಬಸಿರಾಗಬಾರದು, ಟೆಸ್ಟ್ ಮಾಡಿಸುತ್ತಲೇ ಇರಬೇಕು ಎಂದಿದ್ದಾರೆ. ಆಮೇಲಿನದು ಯಾರಿಗೂ ಗೊತ್ತಿಲ್ಲ.

ಊರಿಗೆ ಹೊರಡುವ ದಿನ ಅವ್ವ ನನ್ನ ಹೊಟ್ಟೆಯ ಬಟ್ಟೆ ಬಿಚ್ಚಿದಳು. ಒಗೆದು, ಒಣಗಿಸಿ, ಮಡಿಸಿ ನನ್ನ ಟ್ರಂಕಿನಲ್ಲೇ ಇಟ್ಟಳು.

"ಇಲ್ಲೇ ಇರ್ಲಿ. ಮುಂದಕ್ಕೆ ಬೇಕಾಯ್ತದೆ."

ಈ ಸಲವೂ ನಾನು ವಾದ ಮಾಡಲಿಲ್ಲ.