ಮುದ್ದೆಯನ್ನು ಯಾರು ಅಗಿಯುತ್ತಾರೆ?

ಹಗರೆ ಎಂಬ ಊರಿನ ದಂತ ತಪಾಸಣಾ ಶಿಬಿರದಲ್ಲಿ ಫಾರಂ ತುಂಬುವುದು ನನ್ನ ಕೆಲಸವಾಗಿತ್ತು. ಸಕ್ಕರೆ ಕಾಯಿಲೆಯಿದ್ದ ಒಬ್ಬ ಅಜ್ಜಿ ಬಂದು ಎದುರು ಕೂತರು. "ಅಗಿಯೋಕೆ ತೊಂದರೆ ಇದೆಯಾ ಅಜ್ಜಿ?" ಎಂದು ಕೇಳಿದೆ.

"ಮುದ್ದೆನ ಯಾರಪ್ಪ ಅಗೀತಾರೆ? ನುಂಗೋದು ಕಣಪ್ಪ!"

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ರಾಗಿಮುದ್ದೆಯನ್ನು ಅಗಿಯದೆ ನುಂಗುತ್ತೇವೆ. ಹಾಗಾಗಿ ಹಲ್ಲು ಅಲುಗಾಡಿದರೂ ಊಟ ನಿಲ್ಲುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ನಾನೂ 'ತೊಂದರೆ ಇಲ್ಲ' ಎಂದೇ ಬರೆದೆ. ಆಮೇಲೆ ಸುಮ್ಮನೆ ಕೇಳಿದೆ, "ಬೇರೇನೂ ತಿನ್ನಲ್ವಾ?"

ಅಜ್ಜಿ ಕೆನ್ನೆ ಮುಟ್ಟಿಕೊಂಡರು. "ಕೊಬ್ಬರಿ ಕಚ್ಚಿ ಮೂರು ವರ್ಸ ಆಯ್ತು. ಅಟ್ಟದ ತುಂಬ ನಮ್ದೇ ಐತೆ. ಮ್ಯಾಲೆ ಹತ್ತಿ, ವಾಸ್ನೆ ನೋಡ್ಕಂಡು ಇಳೀತೀನಿ."

ಡಾಕ್ಟರು ನೋಡಿದಾಗ ಒಸಡಿನಲ್ಲಿ ಕೀವಿತ್ತು. "ಸಕ್ಕರೆ ಏರಿದ್ರೆ ಒಸಡು ಕೆಡುತ್ತೆ, ಒಸಡು ಕೆಟ್ರೆ ಸಕ್ಕರೆ ಸುಲಭವಾಗಿ ಇಳಿಯಲ್ಲ. ಎರಡಕ್ಕೂ ಒಟ್ಟಿಗೇ ಔಷಧಿ ಮಾಡ್ಬೇಕು. ನೀವು ದಿನಾ ಎರಡು ಸಲ ಮೆತ್ತಗೆ ಹಲ್ಲುಜ್ಜಿ," ಎಂದರು.

"ಕೊಬ್ಬರಿ ಕಚ್ಚೋವಷ್ಟು ಹಲ್ಲು ಉಳೀತಾವಾ?"

"ನೋಡೋಣ ಅಜ್ಜಿ."

ನಾನು ಬರೆದದ್ದನ್ನು ಹೊಡೆದುಹಾಕಿ, 'ತೊಂದರೆ: ಕೊಬ್ಬರಿ' ಎಂದು ತಿದ್ದಿದೆ. ಸಂಜೆ ನಮ್ಮ ಮೇಲಧಿಕಾರಿ ಫಾರಂ ನೋಡಿ, "ಏನ್ರೀ ಇದು, ಕೊಬ್ಬರಿ ತಿಂದು ಹೀಗಾಯ್ತಾ?" ಎಂದರು.

"ಇಲ್ಲ ಸಾರ್, ತಿನ್ನೋಕಾಗದೆ," ಎಂದೆ.