ತಳ ಹೋದ ವ್ಯಾನು

ರಾಯಾಪುರದ ಸುತ್ತಿನ ಮಕ್ಕಳನ್ನು ಧಾರವಾಡದ ಶಾಲೆಗಳಿಗೆ ಬಿಟ್ಟು ಕರೆತರುವ ಕೆಲಸವನ್ನು ಕುಮಾರಸ್ವಾಮಿ ಮದುವೆಗೆ ಮುಂಚಿನಿಂದಲೂ ಮಾಡಿಕೊಂಡು ಬಂದಿದ್ದ. ಅವನ ವ್ಯಾನಿನಲ್ಲಿ ಕೂತು ಶಾಲೆ ಕಲಿತವರು ಈಗ ತಮ್ಮ ಮಕ್ಕಳನ್ನು ಅವನ ಕೈಗೆ ಒಪ್ಪಿಸುತ್ತಿದ್ದರು. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದದ್ದು ನಿಧಾನವಾಗಿ. ಮೊದಲು ಸಂಜೆ ಹೊತ್ತಿನಲ್ಲಿ ಎದುರಿನ ಗಾಡಿಗಳ ಬೆಳಕು ಚೆಲ್ಲಾಡಿದಂತೆ ಕಂಡಿತು. ಆಮೇಲೆ ರಸ್ತೆಯ ಉಬ್ಬುಗಳು ತಿಳಿಯದಾದವು. ಒಂದು ದಿನ ಶಾಲೆಯ ಗೇಟಿಗೆ ವ್ಯಾನಿನ ಕನ್ನಡಿ ಉಜ್ಜಿತು. ಅಂದು ಎಲ್ಲ ಮಕ್ಕಳನ್ನು ಮನೆ ಮುಟ್ಟಿಸಿ ಬಂದು, ಕೀಲಿಯನ್ನು ಹೆಂಡತಿ ಉಮಾಶ್ರೀಯ ಕೈಗೆ ಕೊಟ್ಟು, ಇನ್ನು ತಾನು ಸ್ಟೇರಿಂಗ್ ಮುಟ್ಟುವುದಿಲ್ಲ ಎಂದ.

ಉಮಾಶ್ರೀ ಆಗ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಮಸಾಲೆಪುಡಿ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ಕಣ್ಣಿನ ಚಿಕಿತ್ಸೆಗಾಗಿ ವ್ಯಾನು ಮಾರುವುದೆಂದು ನಿಶ್ಚಯವಾದಾಗ, ಮಾರುವ ಮೊದಲು ಒಂದಿಷ್ಟು ದಿನ ಅದನ್ನು ಇಟ್ಟುಕೊಂಡು ಕುಮಾರಸ್ವಾಮಿ ಅವಳಿಗೆ ಓಡಿಸಲು ಕಲಿಸಿದ. ಪಕ್ಕದಲ್ಲಿ ಕೂತು ಇಂಜಿನ್ನಿನ ಸದ್ದು ಕೇಳಿಯೇ ಈಗ ಗೇರು ಬದಲಿಸು, ಈಗ ಕಾಲು ತೆಗೆ ಎನ್ನುತ್ತಿದ್ದ. ಅವಳು ಕಲಿತಳು, ಲೈಸನ್ಸೂ ಬಂತು. ಚಿಕಿತ್ಸೆಯಿಂದ ಮಾತ್ರ ಗುಣ ಕಾಣಲಿಲ್ಲ. ಬೆಳಕು ಯಾವುದು ನೆರಳು ಯಾವುದು ಎಂಬಷ್ಟು ಮಾತ್ರ ಉಳಿಯಿತು.

ಮಸಾಲೆಯ ಘಾಟಿನಲ್ಲಿ ದಿನವಿಡೀ ನಿಂತು ಬರುವ ದುಡಿಮೆ ಇಬ್ಬರ ಊಟಕ್ಕೂ ಅವನ ಇನ್ಸುಲಿನ್ನಿಗೂ ಸಾಲುತ್ತಿರಲಿಲ್ಲ. ಮತ್ತೊಂದು ವ್ಯಾನು ಹಿಡಿದರೆ ತಾನೇ ಓಡಿಸಬಹುದಲ್ಲ ಎಂಬ ವಿಚಾರ ಅವಳದೇ. ಹಳೆಯ ಮನೆಗಳವರನ್ನು ಕೇಳಿಕೊಂಡು ಬಂದಳು. ಕುಮಾರಣ್ಣನ ಹೆಂಡತಿ ಎಂದ ಮೇಲೆ ಕೇಳುವುದೇನಿದೆ, ಜೂನಿನಿಂದ ಕಳಿಸುತ್ತೇವೆ ಎಂದು ಬಹಳ ಜನ ಒಪ್ಪಿದರು. ಅವಳು ಕಾರ್ಖಾನೆಯ ಕೆಲಸ ಬಿಟ್ಟು, ತವರಿನವರು ಕೊಟ್ಟ ಬಂಗಾರದ ಪಾಟಲಿ ಬಳೆ ಮಾರಿದಳು.

ಹತ್ತಿರದ ಸುಳ್ಳ ಎಂಬ ಹಳ್ಳಿಯ ಸಿದ್ದಪ್ಪನ ಬಳಿ ಒಂದು ವ್ಯಾನಿತ್ತು. ಅವನೂ ಕುಮಾರಸ್ವಾಮಿಯೂ ಹಿಂದೆ ಲಗ್ನದ ದಿಬ್ಬಣಗಳಿಗೆ ಜೊತೆಯಾಗಿ ಗಾಡಿ ಹೊಡೆದವರು. ಗಂಡ ಹೆಂಡತಿ ಸುಳ್ಳಕ್ಕೆ ಹೋದಾಗ ಸಿದ್ದಪ್ಪ ವ್ಯಾನು ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದ. ಕುಮಾರಸ್ವಾಮಿ ಇಂಜಿನ್ ಚಾಲೂ ಮಾಡಿಸಿ, ಬಗ್ಗಿ ಕಿವಿ ಕೊಟ್ಟು ಬಹಳ ಹೊತ್ತು ನಿಂತ. ಟೈರುಗಳ ಮೇಲೆ ಬೆರಳಾಡಿಸಿದ, ಬಾಗಿಲು ತೆರೆದು ಮುಚ್ಚಿ ಕೇಳಿದ. ಅವನ ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದಿದ್ದ ಕಳೆ ಬಂತು. ಒಳಗೆ ಹೊಸ ಮ್ಯಾಟು ಹಾಸಿದ್ದು, ಕೆಳಭಾಗಕ್ಕೆ ಕರಿ ಬಣ್ಣ ಹೊಡೆದದ್ದು ಉಮಾಶ್ರೀಗೆ ಕಂಡಿತು. ಜೋಪಾನ ಮಾಡಿದ್ದಾರೆ ಎಂದುಕೊಂಡಳು. ಕುಮಾರಸ್ವಾಮಿ ಛಲೋ ಐತಿ ಎಂದ ಮೇಲೆ ಪಾಟಲಿಯ ದುಡ್ಡು ಎಣಿಸಿ ಕೊಟ್ಟು ವ್ಯಾನು ಮನೆಗೆ ತಂದರು.

ಶಾಲೆ ತೆರೆಯಲು ಒಂದು ವಾರ ಇದ್ದಾಗ ಅವಳು ವ್ಯಾನು ತೊಳೆಯಲು ನಿಂತಳು. ಮ್ಯಾಟಿನ ಕೆಳಗೆ ನೀರು ಹೋಗಿದೆಯೆಂದು ಅಂಚು ಹಿಡಿದು ಎಳೆದಾಗ ಅದಕ್ಕೆ ಅಂಟಿಕೊಂಡು ಕಂದು ಬಣ್ಣದ ಹಕ್ಕಳೆಗಳೂ ಎದ್ದು ಬಂದವು. ಒಳಗೆ ಕಾಲಿಟ್ಟಳು. ಹಿಮ್ಮಡಿ ತಗಡಿನೊಳಗೆ ಹಪ್ಪಳದ ಮೇಲೆ ಇಟ್ಟಂತೆ ಇಳಿಯಿತು. ಮ್ಯಾಟು ಪೂರ್ತಿ ಎಳೆದು ನೋಡಿದರೆ ಡ್ರೈವರ್ ಸೀಟಿನ ಹಿಂದಿನಿಂದ ಕೊನೆಯವರೆಗೆ ತಳವೆಂಬುದೇ ಇರಲಿಲ್ಲ. ತುಕ್ಕು, ಅದರ ಮೇಲೆ ಬಣ್ಣ, ಅಲ್ಲಲ್ಲಿ ಗೋಣಿಯ ಚೂರು. ಮೂಲೆಯಲ್ಲಿ ಬಿಳಿಯ ಹರಳುಗಳು ಗಟ್ಟಿಯಾಗಿ ಕೂತಿದ್ದವು. ವ್ಯಾನು ಎರಡು ಮಳೆಗಾಲ ಸಿದ್ದಪ್ಪನ ಹೊಲದ ಶೆಡ್ಡಿನಲ್ಲಿ ನಿಂತಿತ್ತೆಂದೂ, ಅದರೊಳಗೆ ಯೂರಿಯಾ ಚೀಲ ಒಟ್ಟುತ್ತಿದ್ದರೆಂದೂ ಆಮೇಲೆ ತಿಳಿಯಿತು. ಗೊಬ್ಬರ ಕಬ್ಬಿಣವನ್ನು ತಿಂದು ಮುಗಿಸಿತ್ತು.

ಏನಾಯಿತೆಂದು ಕೇಳುತ್ತ ಕುಮಾರಸ್ವಾಮಿ ಗೋಡೆ ಹಿಡಿದು ಹೊರಗೆ ಬಂದ. ಅವಳು ಅವನ ಕೈ ಹಿಡಿದು ಒಳಗೆ ಇಡಿಸಿದಳು. ಕೈ ಕೆಳಗಿಳಿದು ಅಂಗಳದ ಒದ್ದೆ ಮಣ್ಣನ್ನು ಮುಟ್ಟಿತು. ಅವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೇ ಇಲ್ಲ. ಹಾಗೆಯೇ ಬಗ್ಗಿ, ಕೈಯನ್ನು ತೂತಿನಲ್ಲಿ ಇಳಿಬಿಟ್ಟುಕೊಂಡು ನಿಂತ.

ಮರುದಿನ ಸುಳ್ಳಕ್ಕೆ ಹೋದರು. ಸಿದ್ದಪ್ಪ ಚಹಾ ತರಿಸಿದ, ಕೂತುಕೊಳ್ಳಲು ಹೇಳಿದ. ಗಾಡಿ ವಾಪಸು ತೆಗೆದುಕೋ ಎಂದಾಗ ಅವನ ದನಿ ಬದಲಾಯಿತು.

"ನೀನ ಕಿವಿ ಕೊಟ್ಟು, ಕೈ ಆಡಿಸಿ, ಛಲೋ ಐತಿ ಅಂದಿ ಕುಮಾರಣ್ಣ. ನಾ ಏನರ ಹೇಳಿದ್ನೇನು?"

ಉಮಾಶ್ರೀ ಸಿಟ್ಟಿನಿಂದ ನಾಲ್ಕು ಮಾತಾಡಿದರೂ ಅವನು ದುಡ್ಡು ತಿರುಗಿ ಕೊಡಲಿಲ್ಲ. ಸಿದ್ದಪ್ಪನ ತಾಯಿ ಕಾಳವ್ವ ಬಾಗಿಲಿಗೆ ಬಂದು ನಿಂತು ಮಗನ ಕಡೆ ನೋಡಿ ಒಳಗೆ ಹೋದಳು, ಅಷ್ಟೆ. ಅಂದಿನಿಂದ ಕುಮಾರಸ್ವಾಮಿ ವ್ಯಾನಿನ ಹತ್ತಿರ ಹೋಗುವುದನ್ನು ಬಿಟ್ಟ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಕೈ ಇಟ್ಟುಕೊಂಡು ಸುಮ್ಮನಿರುತ್ತಿದ್ದ. ಇನ್ಸುಲಿನ್ನನ್ನೂ ಅವಳೇ ನೆನಪು ಮಾಡಬೇಕಾಯಿತು.

ಹುಬ್ಬಳ್ಳಿಯಲ್ಲಿ ಇಸ್ತಿಯಾಕ ಎಂಬವನ ಗ್ಯಾರೇಜಿತ್ತು. ಕುಮಾರಸ್ವಾಮಿಯ ಹಳೆಯ ವ್ಯಾನನ್ನು ಅವನೇ ನೋಡಿಕೊಳ್ಳುತ್ತಿದ್ದ. ಉಮಾಶ್ರೀ ಒಬ್ಬಳೇ ನಿಧಾನಕ್ಕೆ ವ್ಯಾನು ಓಡಿಸಿಕೊಂಡು ಅಲ್ಲಿಗೆ ಹೋದಳು. ಅವನು ಕೆಳಗೆ ಮಲಗಿ, ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚಿ ನೋಡಿ ಎದ್ದು ಬಂದ.

"ಬೆಸಿಗಿ ಹಾಕಾಕ ಹಿಡಿಯೋ ಅಂಥಾ ಕಬ್ಬಣಾನ ಉಳದಿಲ್ಲ ಅಕ್ಕಾರ. ತಳಾ ಪೂರಾ ಕೊಯ್ದು ತಗದು ಬ್ಯಾರೇದು ಕೂಡಸಬೇಕು. ಲಗೂ ಆಗೋ ಕೆಲಸ ಅಲ್ಲ. ಅಲ್ಲೀತನಕಾ ಹುಡುಗೂರನ್ನ ಮಾತ್ರ ಇದರಾಗ ಕೂಡಸಬ್ಯಾಡ್ರಿ."

ಅಷ್ಟು ದಿನ ಎಲ್ಲಿತ್ತು? ಶಾಲೆ ತೆರೆಯುವ ದಿನ ವ್ಯಾನು ಬಾಗಿಲಿಗೆ ಬರದಿದ್ದರೆ ಆ ಮನೆಗಳವರು ಬೇರೆ ಗಾಡಿ ನೋಡಿಕೊಳ್ಳುತ್ತಾರೆ. ಒಮ್ಮೆ ಹೋದವರು ವರ್ಷ ಮುಗಿಯುವವರೆಗೆ ತಿರುಗಿ ಬರುವುದಿಲ್ಲ. ಕಾರ್ಖಾನೆಯಲ್ಲಿ ಅವಳ ಜಾಗಕ್ಕೆ ಮತ್ತೊಬ್ಬಳು ಬಂದಾಗಿತ್ತು. ಮನೆಯಲ್ಲಿ ಮಾರುವಂಥದ್ದು ಏನೂ ಉಳಿದಿರಲಿಲ್ಲ. ವಾಪಸು ಬರುವ ದಾರಿಯಲ್ಲಿ ಅವಳು ರಸ್ತೆ ಬದಿಯ ಇನ್ನೊಂದು ಗ್ಯಾರೇಜಿನ ಮುಂದೆ ನಿಲ್ಲಿಸಿದಳು. ಅದು ಶಹಬಾಜ ಎಂಬ ತರುಣನದು. ಉಳಿದ ಅಂಚುಗಳ ಮೇಲೆ ಹೊಸ ತಗಡು ಹಾಸಿ, ರಿವಿಟ್ ಹೊಡೆದು, ಸೀಟುಗಳನ್ನು ಅದರ ಮೇಲೆಯೇ ಬಿಗಿದು ಎರಡು ದಿನದಲ್ಲಿ ಕೊಡುತ್ತೇನೆ, ಈ ವರ್ಷ ಸಾಗಿಹೋಗುತ್ತದೆ ಎಂದ. ಇಸ್ತಿಯಾಕನ ಮಾತು ಅವಳ ಕಿವಿಯಲ್ಲಿತ್ತು. ಆದರೂ ಹೂಂ ಎಂದಳು.

ವ್ಯಾನು ಮನೆಗೆ ಬಂದಾಗ, ಇಸ್ತಿಯಾಕನೇ ತಳವನ್ನೆಲ್ಲ ಬದಲಿಸಿ ಕೊಟ್ಟ ಎಂದು ಗಂಡನಿಗೆ ಹೇಳಿದಳು. ಅವನು ಎದ್ದು ಬಂದು ಅಂಗೈಯಿಂದ ನುಣ್ಣನೆಯ ತಗಡನ್ನು ಸವರಿ ನೋಡಿದ. ಇಸ್ತಿಯಾಕನ ಕೈಗುಣವೇ ಕೈಗುಣ ಎಂದ. ಅಂದು ರಾತ್ರಿ ಅವನು ಹೊಟ್ಟೆ ತುಂಬ ಊಟ ಮಾಡಿದ್ದನ್ನು ನೋಡಿ ಅವಳಿಗೆ ಸಮಾಧಾನವಾಯಿತು. ತನ್ನ ತಟ್ಟೆಯ ಅನ್ನವನ್ನು ಮಾತ್ರ ಹಾಗೆಯೇ ಮುಚ್ಚಿಟ್ಟಳು.

ಶಾಲೆ ಶುರುವಾಯಿತು. ಮೊದಲ ದಿನಗಳಲ್ಲಿ ಅವಳು ಉಬ್ಬು ಬಂದರೆ ಎತ್ತಿನ ಗಾಡಿಗಿಂತ ನಿಧಾನವಾಗಿ ದಾಟಿಸುತ್ತಿದ್ದಳು. ಹಿಂದಿನಿಂದ ಹಾರ್ನು ಹೊಡೆಯುವವರು ಹೊಡೆಯಲಿ. ದಿನ ಕಳೆದಂತೆ ಅಂಜಿಕೆ ಸ್ವಲ್ಪ ತಗ್ಗಿತು. ಶಹಬಾಜ ಹೇಳಿದ್ದೇ ನಿಜವಿರಬಹುದು, ಇಸ್ತಿಯಾಕ ಸುಮ್ಮನೆ ಹೆದರಿಸಿದನೇನೋ ಎನ್ನಿಸತೊಡಗಿತು. ಅಷ್ಟರಲ್ಲಿ ಮಳೆ ಹಿಡಿಯಿತು.

ಅಂದು ಸತ್ತೂರು ದಾಟಿ ಧಾರವಾಡದ ಕಡೆ ಹೋಗುವಾಗ ನೀರು ತುಂಬಿದ ಗುಂಡಿಯೊಂದು ಅವಳಿಗೆ ಕಾಣಲಿಲ್ಲ. ವ್ಯಾನು ದಡ್ಡನೆ ಇಳಿದು ಎದ್ದಿತು. ಹಿಂದೆ ಕಟಕಟ ಎಂದು ರಿವಿಟ್ ಕಿತ್ತ ಸದ್ದು, ಅದರ ಬೆನ್ನಿಗೇ ಮಕ್ಕಳ ಚೀರಾಟ. ಬ್ರೇಕು ಒತ್ತಿ ಬದಿಗೆ ನಿಲ್ಲಿಸಿ ತಿರುಗಿ ನೋಡಿದಳು. ಹಿಂದಿನ ಸೀಟು ಬೋಲ್ಟುಸಮೇತ ಕಿತ್ತು ವಾಲಿತ್ತು. ತಗಡಿನ ಒಂದು ಅಂಚು ಮೇಲೆದ್ದು, ಚಿನ್ಮಯೀ ಎಂಬ ಎರಡನೆಯ ಇಯತ್ತೆಯ ಹುಡುಗಿಯ ಬಲಗಾಲು ಮೊಣಕಾಲಿನವರೆಗೆ ಅದರ ಸಂದಿಯಲ್ಲಿ ಕೆಳಗಿಳಿದಿತ್ತು. ಹುಡುಗಿ ಅಳಲಿಲ್ಲ.

"ಆಂಟೀ, ನನ್ನ ಬೂಟು ಬಿತ್ತು," ಎಂದಳು.

ಉಮಾಶ್ರೀ ತಗಡನ್ನು ಬರಿಗೈಯಿಂದ ಬಗ್ಗಿಸಿ ಆ ಕಾಲನ್ನು ಮೆಲ್ಲಗೆ ಹೊರತೆಗೆದಳು. ಮೀನಖಂಡದ ಮೇಲೆ ಉದ್ದಕ್ಕೆ ತರಚಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಮಕ್ಕಳನ್ನೆಲ್ಲ ಇಳಿಸಿ ರಸ್ತೆಯಿಂದ ದೂರ, ಅಂಗಡಿಯೊಂದರ ಚಪ್ಪರದ ಕೆಳಗೆ ನಿಲ್ಲಿಸಿದಳು. ಹಿಂದೆ ರಸ್ತೆಯಲ್ಲಿ ಬಿದ್ದಿದ್ದ ಸಣ್ಣ ಕರಿ ಬೂಟಿನ ಮೇಲೆ ಲಾರಿಯೊಂದು ಹಾದುಹೋಯಿತು. ಅವಳು ಅಲ್ಲೇ ಕೂತು, ಒಂದೊಂದೇ ಮನೆಗೆ ಫೋನು ಮಾಡಿ, ಬಂದು ಮಕ್ಕಳನ್ನು ಕರೆದುಕೊಂಡು ಹೋಗಿರೆಂದು ಕೇಳಿಕೊಂಡಳು.

ಸಂಜೆ ಚಿನ್ಮಯೀಯ ಮನೆಗೆ ಹೊರಟಾಗ ಕುಮಾರಸ್ವಾಮಿ ತಾನೂ ಬರುತ್ತೇನೆಂದ. ಬೇಡವೆಂದರೂ ಕೇಳಲಿಲ್ಲ. ಹುಡುಗಿಯ ತಂದೆ ವಿನೀತ ಧಾರವಾಡದ ಒಂದು ಕಚೇರಿಯಲ್ಲಿದ್ದವರು, ಮೆಲುದನಿಯ ಮನುಷ್ಯ. ಇವರಿಬ್ಬರನ್ನೂ ಕೂರಿಸಿದರು. ಕುಮಾರಸ್ವಾಮಿಯೇ ಮೊದಲು ಮಾತೆತ್ತಿ, ಗ್ಯಾರೇಜಿನವನನ್ನು ನಂಬಿ ಕೆಟ್ಟೆವು, ಹಳೆಯ ಪರಿಚಯದ ಇಸ್ತಿಯಾಕ ಹೀಗೆ ಮಾಡಿಯಾನೆಂದು ಎಣಿಸಿರಲಿಲ್ಲ ಎಂದು ಕೈ ಮುಗಿದ. ವಿನೀತ ಅವನ ಮಾತು ಮುಗಿಯುವವರೆಗೂ ಉಮಾಶ್ರೀಯ ಮುಖವನ್ನೇ ನೋಡುತ್ತಿದ್ದರು.

"ಗಾಡಿ ಹಿಂಗದ ಅಂತ ನಿಮಗ ಗೊತ್ತಿತ್ತೇನ್ರಿ?" ಎಂದು ಅವಳನ್ನು ಕೇಳಿದರು.

ಇಲ್ಲ ಎನ್ನಬಹುದಿತ್ತು. ಆ ಮಾತು ಅವಳ ನಾಲಿಗೆಯವರೆಗೂ ಬಂದಿತ್ತು. ಒಳಕೋಣೆಯ ಬಾಗಿಲಲ್ಲಿ ಕಾಲಿಗೆ ಬಿಳಿಯ ಪಟ್ಟಿ ಸುತ್ತಿಕೊಂಡ ಹುಡುಗಿ ನಿಂತಿದ್ದಳು.

"ಗೊತ್ತಿತ್ರಿ," ಎಂದಳು ಉಮಾಶ್ರೀ. "ಇಸ್ತಿಯಾಕ ಅಣ್ಣಾರು ಕೂಡಸಬ್ಯಾಡ ಅಂದಿದ್ರು. ನಾನ ಬ್ಯಾರೆ ಕಡೆ ತಗಡಾ ಹೊಡಿಸಿದ್ನಿರಿ."

ವಿನೀತ ಎದ್ದು ಬಾಗಿಲು ತೆರೆದು ನಿಂತರು.

ಮನೆಯವರೆಗೆ ಕುಮಾರಸ್ವಾಮಿ ಅವಳ ಭುಜದ ಮೇಲೆ ಕೈ ಇಟ್ಟುಕೊಂಡೇ ನಡೆದ. ಬೇರೆ ದಾರಿ ಇರಲಿಲ್ಲ ಅವನಿಗೆ. ಆದರೆ ಆ ಕೈ ಯಾರದೋ ಕೈಯಂತಿತ್ತು. ಮನೆ ಹೊಕ್ಕ ಮೇಲೆ ಹಾಸಿಗೆಯ ಅಂಚಿಗೆ ಕೂತು ಹೇಳಿದ:

"ನನಗ ಕಣ್ಣ ಕಾಣಂಗಿಲ್ಲ ಅಂತ ಸಿದ್ದಪ್ಪಗ ಗೊತ್ತಿತ್ತು, ಬಣ್ಣಾ ಹಚ್ಚಿ ಕೊಟ್ಟ. ನಿನಗೂ ಗೊತ್ತಿತ್ತು, ಉಮಾ."

ಅವಳು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅತ್ತಳು. ನಿಮ್ಮ ಬಾಡಿದ ಮುಖ ನೋಡಲಾಗಲಿಲ್ಲ, ಅದಕ್ಕೇ ಹಾಗೆಂದೆ ಎಂದು ಹೇಳಬೇಕೆನ್ನಿಸಿತು. ಆದರೆ ಮಕ್ಕಳನ್ನು ಕೂರಿಸಿದ್ದು ಅವನ ಮುಖಕ್ಕಾಗಿ ಅಲ್ಲವಲ್ಲ.

ಎಲ್ಲ ಮನೆಗಳವರೂ ಬಿಟ್ಟರು. ವ್ಯಾನನ್ನು ಎಳೆಸಿಕೊಂಡು ಹೋಗಿ ಇಸ್ತಿಯಾಕನ ಗ್ಯಾರೇಜಿನಲ್ಲಿ ನಿಲ್ಲಿಸಿ, ನಡೆದದ್ದನ್ನೆಲ್ಲ ಅವನಿಗೆ ಹೇಳಿದಳು. ಅವನು ತಲೆಯಾಡಿಸಿ, ಬೇರೆ ಕೆಲಸವಿಲ್ಲದಾಗ ಮಾಡುತ್ತೇನೆ, ದುಡ್ಡು ಕೂಡಿದಂತೆ ಕೊಡಿ, ಗುಜರಿಯಲ್ಲಿ ಅದೇ ನಮೂನೆಯ ಗಾಡಿಯೊಂದರ ತಳ ಹುಡುಕಬೇಕು ಎಂದ. ಅವಳು ಲಕಮನಹಳ್ಳಿಯ ಕಾರ್ಖಾನೆಗೆ ಹೋಗಿ ಸೂಪರವೈಜರನ ಮುಂದೆ ನಿಂತಳು. ಕಾಯಂ ಕೆಲಸವಿಲ್ಲ, ಕರೆದ ದಿನ ಬಾ ಎಂದರು.

ಕೆಲಸ ಶುರುವಾದ ಮೇಲೆ ಒಂದೊಂದೇ ಹೊರಬಿತ್ತು. ತಳ ಕೊಯ್ದರೆ ಬಾಗಿಲ ಕೆಳಗಿನ ಪಟ್ಟಿಯೂ ಕೊಳೆತಿತ್ತು. ಅದನ್ನು ಬಿಚ್ಚಿದರೆ ಬ್ರೇಕಿನ ನಳಿಕೆ ಬೆರಳು ತಾಗಿದರೆ ಪುಡಿಯಾಗುವಂತಿತ್ತು. ಮಳೆ ಬಿಡಲಿಲ್ಲ. ಬಿಚ್ಚಿದ್ದು ಹಾಗೇ ತೆರೆದುಕೊಂಡು ಬಿದ್ದಿರುತ್ತಿತ್ತು. ಒಂದು ಬೆಳಿಗ್ಗೆ ಕುಮಾರಸ್ವಾಮಿ ತನ್ನನ್ನು ಹುಬ್ಬಳ್ಳಿಯ ಬಸ್ಸಿಗೆ ಹತ್ತಿಸು ಎಂದ. ಅವಳಿಗೆ ಕಾರ್ಖಾನೆಯ ಕರೆ ಬಂದಿತ್ತು, ಹತ್ತಿಸಿ ಹೋದಳು. ಅಲ್ಲಿ ಇಸ್ತಿಯಾಕ ಅವನ ಕೈಗೆ ತಂತಿಯ ಬ್ರಷ್ಷು ಕೊಟ್ಟು, ಗುಜರಿಯಿಂದ ತಂದ ತಳವನ್ನು ಉಜ್ಜಲು ಕೂರಿಸಿದ. ದಿನವೂ ಹೋಗತೊಡಗಿದ. ಸಂಜೆ ಬಂದಾಗ ಬೆರಳುಗಳಲ್ಲಿ ಗಾಯಗಳಿರುತ್ತಿದ್ದವು. ಸಕ್ಕರೆ ಇದ್ದವನ ಗಾಯ ಮಾಯುವುದಿಲ್ಲವೆಂದು ಅವಳಿಗೆ ಅಂಜಿಕೆ. ಔಷಧ ಹಚ್ಚಲು ಕೈ ಹಿಡಿದರೆ ಬಿಡಿಸಿಕೊಳ್ಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ಗ್ಯಾರೇಜಿಗೆ ಹೋದಳು. ಸೀಟುಗಳು ಗೋಡೆಗೆ ಒರಗಿದ್ದವು. ವ್ಯಾನು ಇಟ್ಟಿಗೆಗಳ ಮೇಲೆ ನಿಂತಿತ್ತು. ಒಳಗಿಂದ ನೋಡಿದರೆ ಕೆಳಗೆ ಎಣ್ಣೆ ಕುಡಿದ ಮಣ್ಣು, ಮೇಲೆ ಬರೀ ಸ್ಟೇರಿಂಗ್. ಅವಳಿಗೆ ಸಾಕಾಗಿಹೋಯಿತು. ಗುಜರಿಯವನನ್ನು ಕರೆದುಬಿಡಿ, ಸಿಕ್ಕಷ್ಟು ಸಿಗಲಿ ಎಂದು ಇಸ್ತಿಯಾಕನಿಗೆ ಹೇಳಿದಳು. ಮೂಲೆಯಲ್ಲಿ ಕುಮಾರಸ್ವಾಮಿಯ ಬ್ರಷ್ಷಿನ ಸದ್ದು ನಿಂತಿತು.

"ಇಂಜಿನ್ ಛಲೋ ಐತಿ," ಎಂದ ಅವನು, ಯಾರಿಗೆಂದು ತಿಳಿಯದಂತೆ.

"ಖರೇರಿ," ಎಂದ ಇಸ್ತಿಯಾಕ. "ಅದರಾಗ ಯಜಮಾನ್ರು ತಪ್ಪಿಲ್ರಿ ಅಕ್ಕಾರ."

ಕುಮಾರಸ್ವಾಮಿ ತಲೆ ತಗ್ಗಿಸಿಯೇ ಇದ್ದ. "ಗುಜರಿಗೆ ಹಾಕೋದಿದ್ರ ಹಾಕು. ಆದ್ರ ಕೈಯಿಂದ ಮುಟ್ಟಿ ನೋಡಿ ಹಾಕು. ಬಾ ಇಲ್ಲಿ."

ಅವಳು ಹೋಗಿ ಪಕ್ಕದಲ್ಲಿ ಕೂತಳು. ಅವನು ಅವಳ ಕೈ ಹಿಡಿದು ತಗಡಿನ ಉದ್ದಕ್ಕೂ ಆಡಿಸಿದ. ಎಲ್ಲೂ ಹಕ್ಕಳೆಯಿರಲಿಲ್ಲ, ತಣ್ಣಗಿತ್ತು, ಗಟ್ಟಿಯಿತ್ತು. ಎಷ್ಟೋ ವಾರಗಳ ಮೇಲೆ ಅವನಾಗಿಯೇ ಅವಳ ಕೈ ಹಿಡಿದದ್ದು ಅಂದೇ. ಗುಜರಿಯವನನ್ನು ಯಾರೂ ಕರೆಯಲಿಲ್ಲ.

ದಸರೆಯ ರಜೆ ಮುಗಿದ ಮೇಲೆ ವ್ಯಾನು ಹೊರಬಂತು. ಈ ಸಲ ಅವಳು ಮ್ಯಾಟು ಹಾಸಲಿಲ್ಲ. ಮನೆಮನೆಯ ಮುಂದೆ ನಿಲ್ಲಿಸಿ, ಬಾಗಿಲು ತೆರೆದು, ಹತ್ತಿ ತುಳಿದು ನೋಡಿರೆಂದು ಕೇಳಿಕೊಂಡಳು. ಕೆಲವರು ಹತ್ತಿ ನೋಡಿದರು, ಕೆಲವರು ಗೇಟಿನ ಆಚೆಯಿಂದಲೇ ಬೇಡವೆಂದರು. ಮೂರ್ನಾಲ್ಕು ಮನೆಗಳವರು ಮತ್ತೆ ಕಳಿಸಲು ಒಪ್ಪಿದರು, ಅದೂ ಕುಮಾರಸ್ವಾಮಿಯ ಹಳೆಯ ಹೆಸರಿಗಾಗಿ. ವಿನೀತರು ಬಾಗಿಲಿಗೆ ಬಂದು, ಕೇಳಿಸಿಕೊಂಡು, ಇಲ್ಲ ಎಂದು ತಲೆಯಾಡಿಸಿದರು.

ಬರೀ ಅಷ್ಟರಲ್ಲಿ ಹೊಟ್ಟೆ ತುಂಬುವುದಿಲ್ಲವೆಂದು, ನಸುಕಿನಲ್ಲಿ ರಾಯಾಪುರದ ಹೆಂಗಸರನ್ನು ಲಕಮನಹಳ್ಳಿಯ ಕಾರ್ಖಾನೆಗಳಿಗೆ ಬಿಟ್ಟು ಬಂದು, ಆಮೇಲೆ ಮಕ್ಕಳನ್ನು ಹತ್ತಿಸಿಕೊಳ್ಳುತ್ತಾಳೆ. ನೀರು ನಿಂತ ಗುಂಡಿ ಕಂಡರೆ ಈಗಲೂ ಮೊದಲ ಗೇರಿಗೆ ಇಳಿಸುತ್ತಾಳೆ. ಕುಮಾರಸ್ವಾಮಿಯ ಒಂದು ಬೆರಳಿನ ಗಾಯ ಇನ್ನೂ ಪೂರ್ತಿ ಒಣಗಿಲ್ಲ.

ದೊಡ್ಡ ರಸ್ತೆ ಸೇರುವಲ್ಲಿ ಚಿನ್ಮಯೀ ತಂದೆಯ ಜೊತೆ ಬಸ್ಸಿಗೆ ಕಾಯುತ್ತ ನಿಂತಿರುತ್ತಾಳೆ. ಮೊದಮೊದಲು ಉಮಾಶ್ರೀ ಅತ್ತ ನೋಡದೆ ಜೋರಾಗಿ ಹೋಗಿಬಿಡುತ್ತಿದ್ದಳು. ಈಗ ವೇಗ ತಗ್ಗಿಸುತ್ತಾಳೆ. ಹುಡುಗಿ ಕೈ ಬೀಸುತ್ತಾಳೆ. ತಂದೆ ಬಸ್ಸು ಬರುವ ಕಡೆಗೇ ನೋಡುತ್ತ ನಿಂತಿರುತ್ತಾರೆ.